ಮೂರು ಜಿಲ್ಲೆಯ ಕಾಲೇಜುಗಳಿಗೆ ಬಾಹ್ಯಾಕಾಶ ಡೇಟಾದ ಒಂದೇ ಸೂಚಿ: ಹೇಗೆ ಕಟ್ಟೋಣ?

ಭೌತಶಾಸ್ತ್ರ_ವಿಜಯಪುರ

ಎಲ್ಲರಿಗೂ ನಮಸ್ಕಾರ. ಬೆಳಗಾವಿ, ಬಾಗಲಕೋಟೆ, ವಿಜಯಪುರ ಮೂರೂ ಕಡೆಯ ಕಾಲೇಜಿನವರು ಇಲ್ಲಿದ್ದೀರಿ. ಅದಕ್ಕೇ ಈ ವಿಷಯ ಎತ್ತುತ್ತಿದ್ದೇನೆ. ನಮ್ಮ ಮಕ್ಕಳ ಪ್ರಾಜೆಕ್ಟ್ ಡೇಟಾ ಸಿಗದೆ ನಿಲ್ಲುತ್ತಿಲ್ಲ. ಡೇಟಾ ಕೈಗೆ ಬಂದ ಮೇಲೆ ನಿಲ್ಲುತ್ತಿದೆ.

2024ರ ಮೇ 10-11ರ ಸೌರ ಬಿರುಗಾಳಿಯನ್ನೇ ತೆಗೆದುಕೊಳ್ಳಿ. 2003ರ ನಂತರ ಭೂಮಿಗೆ ಬಡಿದ ಅತಿ ಜೋರಾದ ಕಾಂತೀಯ ಬಿರುಗಾಳಿ ಅದು. ಲಡಾಖಿನ ಹಾನ್ಲೆಯಲ್ಲಿ ರಾತ್ರಿ ಆಕಾಶ ಕೆಂಪಾಗಿದ್ದ ಫೋಟೋ ಎಲ್ಲರೂ ನೋಡಿರುತ್ತೀರಿ. ನಮ್ಮ ಆದಿತ್ಯ-ಎಲ್1 ಅದನ್ನು ಭೂಮಿಯಿಂದ ಸುಮಾರು 15 ಲಕ್ಷ ಕಿ.ಮೀ. ದೂರದಲ್ಲಿ ನಿಂತು ದಾಖಲಿಸಿತು. ಚಂದ್ರಯಾನ-2ರ ಎಕ್ಸ್‌ಎಸ್‌ಎಂ ಉಪಕರಣ ಚಂದ್ರನ ಸುತ್ತ ತಿರುಗುತ್ತಲೇ ಸೂರ್ಯನ ಎಕ್ಸ್‌ರೇ ಹಿಡಿಯಿತು. ನೆಲದ ಮೇಲಿನ ಕಾಂತಮಾಪಕಗಳು ತಮ್ಮ ಪಾಲಿನದನ್ನು ಬರೆದುಕೊಂಡವು. ಒಂದೇ ಘಟನೆ, ಮೂರು ಜಾಗದಿಂದ. ಎಂಎಸ್ಸಿ ಪ್ರಾಜೆಕ್ಟಿಗೆ ಇದಕ್ಕಿಂತ ಒಳ್ಳೆ ವಿಷಯ ಬೇಕಾ?

ಈಗ ಅದನ್ನು ಜೋಡಿಸಲು ಕೂತರೆ ಏನಾಗುತ್ತದೆ ನೋಡಿ. ಆದಿತ್ಯದ್ದೇ ಮೂರು ಉಪಕರಣ ತೆಗೆದುಕೊಂಡರೆ, ಎಕ್ಸ್‌ರೇ ಅಳೆಯುವ ಸೋಲೆಕ್ಸ್ ಫಿಟ್ಸ್ ಫೈಲ್ ಕೊಡುತ್ತದೆ. ಸೌರಮಾರುತದ, ಅಂದರೆ ಸೂರ್ಯನಿಂದ ಸದಾ ಬೀಸಿ ಬರುವ ಕಣಗಳ ಹರಿವಿನ, ಕಣ ಎಣಿಸುವ ಸ್ವಿಸ್ (SWIS) ಸಿಡಿಎಫ್ ಕೊಡುತ್ತದೆ. ಕಾಂತಕ್ಷೇತ್ರ ಅಳೆಯುವ ಮ್ಯಾಗ್ ನೆಟ್‌ಸಿಡಿಎಫ್ ಕೊಡುತ್ತದೆ. ಮೂರೂ ಬೇರೆ ಬೇರೆ ಫೈಲ್ ನಮೂನೆ. ಇವೆಲ್ಲ ಬ್ಯಾಲಾಳುವಿನ ಭಾರತೀಯ ಬಾಹ್ಯಾಕಾಶ ವಿಜ್ಞಾನ ಡೇಟಾ ಕೇಂದ್ರದ ‘ಪ್ರದಾನ್’ ತಾಣದಲ್ಲಿ ಖಾತೆ ತೆರೆದರೆ ಸಿಗುತ್ತವೆ. ಹೋಲಿಸಿ ನೋಡಲು ನಾಸಾದ ವಿಂಡ್ ನೌಕೆಯ ಡೇಟಾ ಬೇಕು ಅಂದರೆ ಅದು ನಾಸಾದ ಸಿಡಿಎವೆಬ್ ತಾಣದಲ್ಲಿ. ಬಿರುಗಾಳಿ ಎಷ್ಟು ಜೋರಿತ್ತು ಅಂತ ಹೇಳುವ ಡಿಎಸ್‌ಟಿ ಸೂಚ್ಯಂಕ ಜಪಾನಿನ ಕ್ಯೋಟೊದಲ್ಲಿ. ಒಂದೊಂದು ಕಡೆ ಸಮಯ ಬರೆಯುವ ರೀತಿ ಬೇರೆ, ಕಾಲಮ್‌ಗಳ ಹೆಸರು ಬೇರೆ, ಡೇಟಾ ಇಲ್ಲದ ಜಾಗದಲ್ಲಿ ತುಂಬುವ ಅಂಕಿ ಬೇರೆ. ಮಕ್ಕಳ ಅರ್ಧ ವರ್ಷ ಫೈಲ್ ತೆರೆಯುವುದರಲ್ಲೇ ಹೋಗುತ್ತದೆ. ಭೌತಶಾಸ್ತ್ರಕ್ಕೆ ಉಳಿಯುವುದು ಕೊನೆಯ ಕೆಲವು ವಾರ.

ಬೇಸರದ ಮಾತು ಅಂದರೆ, ಮುಂದಿನ ವರ್ಷದ ಮಕ್ಕಳು ಇದನ್ನೆಲ್ಲ ಮತ್ತೆ ಮೊದಲಿನಿಂದ ಮಾಡುತ್ತಾರೆ. ಬೆಳಗಾವಿಯಲ್ಲಿ ಒಬ್ಬರು ಬಿಡಿಸಿದ ಗಂಟು ಬಾಗಲಕೋಟೆಗೆ ಗೊತ್ತಾಗುವುದಿಲ್ಲ. ಹಾಗಾಗಿ ಮೂರೂ ಜಿಲ್ಲೆ ಸೇರಿ ಒಂದು ವ್ಯವಸ್ಥೆ ಮಾಡಿಕೊಳ್ಳೋಣ ಅಂತ ನನ್ನ ಆಸೆ. ಹೇಗಿರಬೇಕು, ಹೇಳಿ.

ಬೆಳಗಾವಿ_ಸರ್ವರ್

ಮೇಡಂ, ಒಳ್ಳೆ ವಿಷಯ ಎತ್ತಿದ್ರಿ. ನಾನು ಎಂಜಿನಿಯರಿಂಗ್ ಕಾಲೇಜಿನ ನೆಟ್‌ವರ್ಕ್ ನೋಡಿಕೊಳ್ಳುವವನು. ನನಗೆ ಇದು ಸರಳವಾಗಿ ಕಾಣುತ್ತದೆ. ಒಂದು ಸರ್ವರ್ ಹಾಕೋಣ. ಬೇಕಾದ ಡೇಟಾ ಎಲ್ಲ ಇಳಿಸಿ, ಎಲ್ಲವನ್ನೂ ಒಂದೇ ನಮೂನೆಗೆ ಬದಲಾಯಿಸಿ ಇಡೋಣ. ಸಿಎಸ್‌ವಿ, ಅಂದರೆ ಅಲ್ಪವಿರಾಮ ಹಾಕಿ ಬರೆದ ಸಾದಾ ಪಟ್ಟಿ, ಮಾಡಿಟ್ಟರೆ ಎಕ್ಸೆಲ್‌ನಲ್ಲೂ ತೆರೆಯುತ್ತದೆ. ಮೂರು ಜಿಲ್ಲೆಯವರೂ ಅಲ್ಲಿಂದ ತೆಗೆದುಕೊಳ್ಳಲಿ. ಡಿಸ್ಕ್ ಈಗ ದುಬಾರಿ ಅಲ್ಲ. ಪದವಿ ಕಾಲೇಜುಗಳಲ್ಲಿ ಇಂಟರ್ನೆಟ್ ಹೇಗಿರುತ್ತದೆ ಅಂತ ನಿಮಗೇ ಗೊತ್ತು. ಹತ್ತು ಮಕ್ಕಳು ಒಂದೇ ಫೈಲನ್ನು ಹತ್ತು ಸಲ ಬ್ಯಾಲಾಳುವಿನಿಂದ ಇಳಿಸುವ ಬದಲು ಒಂದು ಸಲ ಇಳಿಸಿದರೆ ಸಾಕಲ್ವಾ?

ನವನಗರ_ಮೇಷ್ಟ್ರು

ಸರ್, ನಿಮ್ಮ ಉತ್ಸಾಹಕ್ಕೆ ನಮಸ್ಕಾರ. ಆದರೆ ಈ ದಾರಿ ಬೇಡ ಅಂತ ನಾನು ಗಟ್ಟಿಯಾಗಿ ಹೇಳುತ್ತೇನೆ.

ಬಾಹ್ಯಾಕಾಶ ಡೇಟಾ ಒಂದು ಸಲ ಬಂದು ಮುಗಿಯುವುದಿಲ್ಲ. ಉಪಕರಣದ ಬಗ್ಗೆ ವಿಜ್ಞಾನಿಗಳಿಗೆ ಹೊಸದು ಗೊತ್ತಾದ ಹಾಗೆಲ್ಲ ಹಳೆಯ ಡೇಟಾವನ್ನೇ ತಿದ್ದಿ, ಹೊಸ ಆವೃತ್ತಿ ಹಾಕುತ್ತಾರೆ. ಆದಿತ್ಯದ ಫೈಲ್ ಹೆಸರಿನ ಕೊನೆಗೆ ವಿ ಅಕ್ಷರ, ಒಂದು ಸಂಖ್ಯೆ ಇರುತ್ತದೆ ನೋಡಿ. ಅದು ಆವೃತ್ತಿ. ನಾವು ಇವತ್ತು ಇಳಿಸಿ, ಸಿಎಸ್‌ವಿ ಮಾಡಿ, ಹೆಸರು ಬದಲಾಯಿಸಿ ಇಟ್ಟರೆ ಆ ಗುರುತು ಅಳಿಸಿಹೋಗುತ್ತದೆ. ಎರಡು ವರ್ಷದ ನಂತರ ನಮ್ಮ ಹುಡುಗಿಯ ಗ್ರಾಫ್, ಬೇರೆಯವರ ಪ್ರಬಂಧದ ಗ್ರಾಫ್ ಹೊಂದದಿದ್ದಾಗ ಯಾರನ್ನು ಕೇಳುವುದು?

ಸಿಎಸ್‌ವಿ ಮಾಡುವುದರಲ್ಲೂ ತೊಂದರೆ ಇದೆ. ಒಂದು ಫಿಟ್ಸ್ ಫೈಲನ್ನು ಸುಮ್ನೆ ಟೆಕ್ಸ್ಟ್ ಎಡಿಟರ್‌ನಲ್ಲಿ ತೆರೆದು ಮೇಲಿನ ಭಾಗ ಓದಿ. ಒಂದೊಂದು ಸಾಲೂ ಸರಿಯಾಗಿ 80 ಅಕ್ಷರ. ಎಡಕ್ಕೆ ಹೆಸರು, ನಂತರ ಸಮ ಚಿಹ್ನೆ, ಬೆಲೆ, ಓರೆಗೆರೆ, ಟಿಪ್ಪಣಿ. ಯಾವ ದೂರದರ್ಶಕ, ಯಾವ ಉಪಕರಣ, ವೀಕ್ಷಣೆ ಶುರುವಾದ ದಿನಾಂಕ, ಅಳತೆಯ ಘಟಕ, ಎಲ್ಲ ಅಲ್ಲೇ ಇರುತ್ತದೆ. ಟೇಪಿನ ಕಾಲದಲ್ಲಿ, 1981ರಲ್ಲಿ ಪ್ರಕಟವಾದ ನಮೂನೆ ಅದು. ಹಳೆಯ ಫೈಲು ಮುಂದೆಯೂ ತೆರೆಯಲೇಬೇಕು ಅನ್ನುವ ನಿಯಮವನ್ನು ಅದನ್ನು ನೋಡಿಕೊಳ್ಳುವವರು ಇವತ್ತಿಗೂ ಬಿಟ್ಟಿಲ್ಲ. ಸಿಎಸ್‌ವಿಗೆ ಬದಲಾಯಿಸುವಾಗ ಮೊದಲು ಉದುರಿಹೋಗುವುದೇ ಈ ತಲೆಬರಹ. ಉಳಿಯುವುದು ಬರೀ ಅಂಕಿ.

ಬರೀ ಅಂಕಿಯಿಂದ ಏನಾಗುತ್ತದೆ ಅನ್ನುವುದಕ್ಕೆ ನಾಸಾದ ಮಾರ್ಸ್ ಕ್ಲೈಮೇಟ್ ಆರ್ಬಿಟರ್ ನೆನಪಿಸಿಕೊಳ್ಳಿ. ಒಂದು ತಂಡದ ಸಾಫ್ಟ್‌ವೇರ್ ಪೌಂಡ್ ಲೆಕ್ಕದಲ್ಲಿ ಅಂಕಿ ಕೊಟ್ಟಿತು. ಇನ್ನೊಂದು ತಂಡ ಅದನ್ನು ನ್ಯೂಟನ್ ಅಂದುಕೊಂಡಿತು. 1999ರ ಸೆಪ್ಟೆಂಬರ್ 23ರಂದು ಮಂಗಳದ ಕಕ್ಷೆ ಸೇರಬೇಕಿದ್ದ ನೌಕೆ ಕಳೆದುಹೋಯಿತು.

ಬಳಕೆಯ ಷರತ್ತನ್ನೂ ಮರೆಯಬಾರದು. ಪ್ರದಾನ್‌ನಲ್ಲಿ ಹೆಸರು ನೋಂದಾಯಿಸಿ ಡೇಟಾ ಪಡೆಯುತ್ತೇವೆ. ಅದನ್ನು ನಮ್ಮ ಸರ್ವರ್‌ನಲ್ಲಿಟ್ಟು ಊರಿಗೆಲ್ಲ ಹಂಚುವ ಮೊದಲು ಷರತ್ತು ಓದಬೇಕು, ಕೇಳಬೇಕು.

ಬೆಳಗಾವಿ_ಸರ್ವರ್

ಆವೃತ್ತಿಯ ಮಾತು ಒಪ್ಪುತ್ತೇನೆ ಸರ್. ಹಾಗಾದರೆ ಡೇಟಾ ಅಲ್ಲಲ್ಲೇ ಇರಲಿ ಅಂತೀರಾ? ಮತ್ತೆ ಮೇಡಂ ಹೇಳಿದ ಕಷ್ಟ ಎಲ್ಲಿ ಬಗೆಹರಿಯಿತು?

ಜಮಖಂಡಿ_ಗ್ರಂಥಾಲಯ

ನಾನು ವಿಜ್ಞಾನಿ ಅಲ್ಲ. ಗ್ರಂಥಾಲಯದಲ್ಲಿ ಕೆಲಸ ಮಾಡುವವನು. ಆದರೆ ಈ ಪ್ರಶ್ನೆ ನಮ್ಮದೂ ಹೌದು. ಒಂದು ಊರಿನ ಓದುಗನಿಗೆ ಇನ್ನೊಂದು ಊರಿನ ಪುಸ್ತಕ ಬೇಕಾದಾಗ ಯಾರೂ ಕಪಾಟನ್ನೇ ಹೊತ್ತು ತರುವುದಿಲ್ಲ. ಎಲ್ಲ ಗ್ರಂಥಾಲಯಗಳೂ ಒಂದೇ ರೀತಿಯ ಕಾರ್ಡ್ ಬರೆದರೆ ಸಾಕು. ಪುಸ್ತಕ ಎಲ್ಲಿದೆ, ಯಾವ ಆವೃತ್ತಿ, ಹೇಗೆ ತರಿಸಬೇಕು ಅಂತ ಕಾರ್ಡೇ ಹೇಳುತ್ತದೆ.

ಇನ್ನೊಂದು ಮಾತು ಹೇಳಲೇಬೇಕು, ನಮ್ಮ ಊರಿನದು ಅಂತ. 1868ರ ಆಗಸ್ಟ್ 18ರಂದು ಪೂರ್ಣ ಸೂರ್ಯಗ್ರಹಣದ ಹಾದಿ ಜಮಖಂಡಿ, ವಿಜಯಪುರಗಳ ಮೇಲೆ ಹಾದುಹೋಯಿತು. ಗ್ರಹಣದ ಹೊತ್ತಿನಲ್ಲಿ ಸೂರ್ಯನ ಅಂಚಿನಲ್ಲಿ ಕಾಣುವ ಕೆಂಪು ಜ್ವಾಲೆಗಳು ಏನು ಅಂತ, ಬೆಳಕನ್ನು ಬಣ್ಣಗಳಾಗಿ ಬಿಡಿಸುವ ಸ್ಪೆಕ್ಟ್ರೋಸ್ಕೋಪ್‌ನಿಂದ ನೋಡಲು ಯುರೋಪಿನವರು ಇಲ್ಲಿಯವರೆಗೆ ಬಂದರು. ಲೆಫ್ಟಿನೆಂಟ್ ಜಾನ್ ಹರ್ಷೆಲ್, ಅಂದರೆ ಯುರೇನಸ್ ಕಂಡುಹಿಡಿದ ವಿಲಿಯಂ ಹರ್ಷೆಲ್ ಅವರ ಮೊಮ್ಮಗ, ಉಪಕರಣ ಹೂಡಿದ್ದು ನಮ್ಮ ಜಮಖಂಡಿಯಲ್ಲಿ. ಕ್ಯಾಪ್ಟನ್ ಹೇಗ್ ಇದ್ದದ್ದು ವಿಜಯಪುರದಲ್ಲಿ. ಗುಂಟೂರಿನಲ್ಲಿ ಟೆನೆಂಟ್, ಫ್ರಾನ್ಸಿನ ಜಾನ್ಸೆನ್. ಮಚಲಿಪಟ್ಟಣದಲ್ಲಿ ಮದ್ರಾಸ್ ವೀಕ್ಷಣಾಲಯದ ಪಾಗ್ಸನ್.

ಅವತ್ತು ಇಲ್ಲಿ ಮೋಡ. ಹರ್ಷೆಲ್ ಅವರಿಗೆ ಸೂರ್ಯ ಸಿಕ್ಕಿದ್ದು ಮೋಡದ ಸಂದಿಯಲ್ಲಿ. ಆದರೂ ಕೆಂಪು, ಕಿತ್ತಳೆ, ನೀಲಿ ಮೂರು ಹೊಳೆಯುವ ಗೆರೆ ನೋಡಿದರು. ಕಿತ್ತಳೆ ಗೆರೆಯ ಜಾಗವನ್ನು ಅಳತೆಪಟ್ಟಿಗೆ ಹೋಲಿಸಿ, ಅದು ಸೋಡಿಯಂನ ಡಿ ಗೆರೆಯ ಜಾಗವೇ ಅಂತ ಬರೆದರು. ವಿಜಯಪುರದ ಹೇಗ್ ಕೈಯಲ್ಲಿ ಹಿಡಿಯುವ ಸಣ್ಣ ಉಪಕರಣದಲ್ಲಿ ಎರಡು ಪಟ್ಟಿ ನೋಡಿ ಅವುಗಳ ಬಣ್ಣ ಬರೆದರು. ಅದೇ ವರ್ಷ ಅಕ್ಟೋಬರ್‌ನಲ್ಲಿ ಇಂಗ್ಲೆಂಡಿನ ಲಾಕಿಯರ್ ಗ್ರಹಣವಿಲ್ಲದೆಯೇ ಆ ಗೆರೆ ನೋಡಿ, ಇದು ಸೋಡಿಯಂನ ಜಾಗದಲ್ಲಿಲ್ಲ, ಸ್ವಲ್ಪ ಪಕ್ಕಕ್ಕಿದೆ ಅಂದರು. ಸೋಡಿಯಂ ಗೆರೆಗಳು 589.0 ಮತ್ತು 589.6 ನ್ಯಾನೊಮೀಟರ್. ಇದು 587.6. ಆ ಸಣ್ಣ ಅಂತರದಲ್ಲಿ ಇದ್ದದ್ದು ಹೀಲಿಯಂ. ಭೂಮಿಯ ಮೇಲೆ ಅದು ರ‍್ಯಾಮ್ಸೆ ಅವರ ಪ್ರಯೋಗಾಲಯದಲ್ಲಿ ಸಿಕ್ಕಿದ್ದು 1895ರಲ್ಲಿ.

ನಾನು ಇದರಿಂದ ಕಲಿತದ್ದು ಇಷ್ಟೇ. ಹರ್ಷೆಲ್ ಅವರ ಗೆರೆಯನ್ನು ಬೇರೆಯವರು ತಮ್ಮ ಗೆರೆಯ ಪಕ್ಕ ಇಟ್ಟು ನೋಡಬಹುದಿತ್ತು. ಯಾಕಂದರೆ ಯಾವ ಗೆರೆಗೆ ಹೋಲಿಸಿದೆ ಅಂತ ಅವರು ಬರೆದಿದ್ದರು. ತಪ್ಪಿದ್ದರೆ ತಪ್ಪು ಎಲ್ಲಿದೆ ಅಂತಲೂ ಹುಡುಕಬಹುದಿತ್ತು. ಬರೀ ಬಣ್ಣ ಬರೆದಿಟ್ಟದ್ದನ್ನು ಯಾವುದರ ಪಕ್ಕ ಇಟ್ಟು ನೋಡುವುದು? ಎಲ್ಲರ ಡೇಟಾ ಒಂದು ಕೋಣೆಯಲ್ಲಿ ಇರಬೇಕಿಲ್ಲ. ಒಬ್ಬರದನ್ನು ಇನ್ನೊಬ್ಬರದರ ಜೊತೆ ಇಡಲು ಬರುವ ಹಾಗೆ ಬರೆದಿರಬೇಕು.

ಭೌತಶಾಸ್ತ್ರ_ವಿಜಯಪುರ

ಸರ್, ನಮ್ಮ ಊರಿನ ಹೇಗ್ ಬಗ್ಗೆ ನಾನು ತರಗತಿಯಲ್ಲಿ ಖಂಡಿತ ಹೇಳುತ್ತೇನೆ. ಹೀಲಿಯಂ ಪಾಠ ಮಾಡುವಾಗ ಎಲ್ಲರೂ ಗುಂಟೂರು ಅಂತಾರೆ, ಜಮಖಂಡಿ ಅನ್ನುವುದಿಲ್ಲ.

ನೀವು ಹೇಳಿದ ಕಾರ್ಡಿನ ದಾರಿಯನ್ನೇ ದೊಡ್ಡವರೂ ಹಿಡಿದಿದ್ದಾರೆ. 1957-58ರ ಅಂತರರಾಷ್ಟ್ರೀಯ ಭೂಭೌತ ವರ್ಷದಲ್ಲಿ ವಿಶ್ವ ಡೇಟಾ ಕೇಂದ್ರಗಳನ್ನು ಶುರು ಮಾಡಿದಾಗ ದಾರಿ ಬೇರೆ ಇತ್ತು. ಎಲ್ಲ ದೇಶದವರೂ ಪ್ರತಿ ಕಳುಹಿಸಬೇಕು, ಕೇಂದ್ರಗಳು ಜೋಪಾನ ಮಾಡಬೇಕು. ಕಾಗದ, ಮೈಕ್ರೋಫಿಲ್ಮ್ ಕಾಲಕ್ಕೆ ಅದು ಸರಿ. ಉಪಗ್ರಹಗಳು ಜಾಸ್ತಿ ಆದ ಮೇಲೆ ಹೊರೆ ತಡೆಯಲಿಲ್ಲ. ಖಗೋಳದವರು 2002ರಲ್ಲಿ ಅಂತರರಾಷ್ಟ್ರೀಯ ವರ್ಚುಯಲ್ ಅಬ್ಸರ್ವೇಟರಿ ಒಕ್ಕೂಟ ಕಟ್ಟಿಕೊಂಡರು. ಪುಣೆಯ ಖಗೋಳ ಸಂಸ್ಥೆ ಅಯುಕಾ ಕೂಡ ಈ ಕೆಲಸದಲ್ಲಿ ಮೊದಲಿನಿಂದ ಇದೆ. ಡೇಟಾ ಅವರವರ ವೀಕ್ಷಣಾಲಯದಲ್ಲೇ ಇರುತ್ತದೆ. ಹುಡುಕುವ ರೀತಿ, ಉತ್ತರ ಕೊಡುವ ರೀತಿ ಒಂದೇ ಇರುತ್ತದೆ. ಗ್ರಹಗಳ ಡೇಟಾಗೆ ಪಿಡಿಎಸ್4 ಅನ್ನುವ ನಮೂನೆ ಇದೆ. ನಮ್ಮ ಚಂದ್ರಯಾನ-2ರ ಡೇಟಾ ಅದರಲ್ಲೇ ಇದೆ.

ಸೂರ್ಯ ಮತ್ತು ಸೌರಮಾರುತದವರಿಗೆ ಸ್ಪೇಸ್ (SPASE) ಅನ್ನುವ ವಿವರಣಾ ಮಾದರಿ ಇದೆ. ಯಾವ ನೌಕೆ, ಯಾವ ಉಪಕರಣ, ಏನನ್ನು ಅಳೆಯುತ್ತದೆ, ಎಷ್ಟು ಸೆಕೆಂಡಿಗೊಮ್ಮೆ, ಯಾವ ಘಟಕದಲ್ಲಿ, ಎಲ್ಲಿ ಸಿಗುತ್ತದೆ ಅಂತ ಎಲ್ಲರೂ ಒಂದೇ ಪದಗಳಲ್ಲಿ ಬರೆಯುತ್ತಾರೆ. ಅದರ ಜೊತೆ, ಡೇಟಾ ತರಿಸಿಕೊಳ್ಳಲು, ಹ್ಯಾಪಿ (HAPI) ಅನ್ನುವ ವಿಧಾನ ಬಂತು. ಬಾಹ್ಯಾಕಾಶ ಸಂಶೋಧನೆಯ ಅಂತರರಾಷ್ಟ್ರೀಯ ಸಮಿತಿ ಕೋಸ್ಪಾರ್ 2018ರಲ್ಲಿ ಅದನ್ನು ಶಿಫಾರಸು ಮಾಡಿತು. ಯಾವ ಸರ್ವರ್‌ಗಾದರೂ ನಾವು ಕೇಳುವ ಪ್ರಶ್ನೆ ಒಂದೇ: ಯಾವ ಡೇಟಾ, ಯಾವಾಗಿನಿಂದ, ಯಾವಾಗಿನವರೆಗೆ, ಯಾವ ಕಾಲಮ್. ಒಳಗೆ ಫೈಲು ಸಿಡಿಎಫ್ ಇರಲಿ, ಇನ್ನೊಂದಿರಲಿ, ನಮಗೆ ಬರುವುದು ಸರಳ ಪಟ್ಟಿ, ಸಮಯ ಮಾತ್ರ ಯಾವಾಗಲೂ ಯುಟಿಸಿಯಲ್ಲಿ, ಅಂದರೆ ಜಗತ್ತಿಗೆಲ್ಲ ಒಂದೇ ಆದ ಗಡಿಯಾರದಲ್ಲಿ. ನಾವು ಹೊಸ ಕಾರ್ಡ್ ಕಂಡುಹಿಡಿಯುವ ಬದಲು ಈ ಸ್ಪೇಸ್ ಮಾದರಿಯಿಂದ ನಮಗೆ ಬೇಕಾದ ಸಾಲುಗಳನ್ನಷ್ಟೇ ತೆಗೆದುಕೊಳ್ಳೋಣ. ನಾಳೆ ನಮ್ಮ ಸೂಚಿಯನ್ನು ಹೊರಗಿನವರೂ ಓದಬಹುದು.

ಎಂಎಸ್ಸಿ_ಎರಡನೇ_ವರ್ಷ

ಮೇಡಂ, ಒಂದು ಪ್ರಶ್ನೆ. ನಾನು ಅದೇ ಮೇ ತಿಂಗಳ ಬಿರುಗಾಳಿ ಮಾಡುತ್ತಿದ್ದೇನೆ. ಒಂದು ಫೈಲಿನಲ್ಲಿ ಬಿರುಗಾಳಿ 10ನೇ ತಾರೀಕು ಅಂತಿದೆ, ಸುದ್ದಿಯಲ್ಲಿ 11 ಅಂತಿದೆ. ಎಕ್ಸ್‌ರೇ ಏರಿದ ಸಮಯಕ್ಕೂ ಕಾಂತಕ್ಷೇತ್ರ ಕುಸಿದ ಸಮಯಕ್ಕೂ ಹೊಂದಾಣಿಕೆಯೇ ಇಲ್ಲ. ನನ್ನ ಗ್ರಾಫ್ ತಪ್ಪಾ?

ನವನಗರ_ಮೇಷ್ಟ್ರು

ತಪ್ಪಲ್ಲಮ್ಮ. ಇಲ್ಲಿ ಎರಡು ಬೇರೆ ಬೇರೆ ವಿಷಯ ಇವೆ.

ಮೊದಲು ತಾರೀಕು. ಆ ಬಿರುಗಾಳಿ ಭೂಮಿಗೆ ತಟ್ಟಿದ್ದು ಮೇ 10ರಂದು ಯುಟಿಸಿ ಸುಮಾರು 17:05ಕ್ಕೆ. ನಮ್ಮ ಗಡಿಯಾರಕ್ಕೆ ಐದೂವರೆ ಗಂಟೆ ಸೇರಿಸು, ರಾತ್ರಿ 10:35. ಅದು ಜೋರಾಗುವ ಹೊತ್ತಿಗೆ ನಮಗೆ ಮಧ್ಯರಾತ್ರಿ ದಾಟಿತ್ತು. ಒಂದೇ ಬಿರುಗಾಳಿಗೆ ಎರಡು ತಾರೀಕು ಬಿದ್ದದ್ದು ಹೀಗೆ. ಕಾರ್ಡಿನಲ್ಲಿ ಸಮಯ ಯುಟಿಸಿಯಲ್ಲೇ ಇರಬೇಕು ಅಂತ ನಾವು ನಿಯಮ ಮಾಡಲೇಬೇಕು. ಪಕ್ಕದಲ್ಲಿ ಐಎಸ್‌ಟಿ ಬರೆದುಕೊಂಡರೆ ಅಡ್ಡಿಯಿಲ್ಲ. ಬರೀ ‘10-05-2024, 10:35’ ಅಂತ ಬರೆದು ಬಿಡುವುದು ಮಾತ್ರ ಬೇಡ.

ಎರಡನೆಯದು ಪಯಣದ ಹೊತ್ತು. ಎಕ್ಸ್‌ರೇ ಬೆಳಕಿನ ವೇಗದಲ್ಲಿ ಬರುತ್ತದೆ. ಸೂರ್ಯನಿಂದ ಭೂಮಿಗೆ ಸುಮಾರು 8 ನಿಮಿಷ 20 ಸೆಕೆಂಡ್. ಆದಿತ್ಯ 15 ಲಕ್ಷ ಕಿ.ಮೀ. ಮುಂದೆ ನಿಂತಿರುವುದರಿಂದ ಅದಕ್ಕೆ 5 ಸೆಕೆಂಡ್ ಮೊದಲು ಕಾಣುತ್ತದೆ, ಅಷ್ಟೇ. ಸೂರ್ಯ ಉಗುಳಿದ ಪ್ಲಾಸ್ಮಾ, ಅಂದರೆ ವಿದ್ಯುತ್ ಕಣಗಳ ಮೋಡ, ಬರಲು ದಿನಗಳೇ ಬೇಕು. ಆದಿತ್ಯವನ್ನು ದಾಟಿದ ಮೇಲೆ ಭೂಮಿ ಮುಟ್ಟಲು ಅದರ ವೇಗ ನೋಡಬೇಕು. ಸೆಕೆಂಡಿಗೆ 400 ಕಿ.ಮೀ. ಇದ್ದರೆ ಒಂದು ಗಂಟೆಗಿಂತ ಸ್ವಲ್ಪ ಜಾಸ್ತಿ. 750 ಇದ್ದರೆ 33 ನಿಮಿಷ. ಹಾಗಾಗಿ ಮ್ಯಾಗ್ ಡೇಟಾ ಮತ್ತು ನೆಲದ ಡೇಟಾ ಒಂದರ ಕೆಳಗೆ ಒಂದು ಹಾಕುವಾಗ ಎಷ್ಟು ಹೊತ್ತು ಸರಿಸಿದೆ ಅಂತ ಬರೆ. ನಾಸಾದ ಓಮ್ನಿ ಪಟ್ಟಿಯಲ್ಲಿ ಈ ಸರಿಸುವ ಕೆಲಸ ಮೊದಲೇ ಮಾಡಿರುತ್ತಾರೆ. ಅದು ಗೊತ್ತಿಲ್ಲದೆ ಇನ್ನೊಂದು ಸಲ ಸರಿಸಿದರೆ ಎಲ್ಲ ಕೆಟ್ಟುಹೋಗುತ್ತದೆ. ಕಾರ್ಡಿನಲ್ಲಿ ‘ಸಮಯ ಯಾವ ಜಾಗದ್ದು’ ಅನ್ನುವ ಸಾಲು ಬೇಕು ಅಂತ ನಾನು ಹೇಳುವುದು ಇದಕ್ಕೇ.

ಎಂಎಸ್ಸಿ_ಎರಡನೇ_ವರ್ಷ

ತುಂಬ ಥ್ಯಾಂಕ್ಸ್ ಸರ್. ಈಗ ಗ್ರಾಫ್ ಅರ್ಥ ಆಯಿತು. ಸಮಯದ ಸಾಲು ಕಾರ್ಡಿನ ಮೇಲ್ಗಡೆಯೇ ಇರಲಿ, ಎಲ್ಲರೂ ಮೊದಲು ಬೀಳುವುದು ಅಲ್ಲೇ.

ಗೋಕಾಕ_ಹವ್ಯಾಸಿ

ನಾನು ಕಾಲೇಜಿನವನಲ್ಲ. ಅಂಗಡಿ ಇಟ್ಟುಕೊಂಡು, ರಾತ್ರಿ ದೂರದರ್ಶಕ ಹಿಡಿಯುವವನು. ಒಂದು ಕೋರಿಕೆ. ಸೂಚಿ ಕಾಲೇಜಿನ ಮಕ್ಕಳಿಗಷ್ಟೇ ಅಂತ ಬೀಗ ಹಾಕಬೇಡಿ.

2019ರಲ್ಲಿ ವಿಕ್ರಮ್ ಲ್ಯಾಂಡರ್ ಬಿದ್ದ ಜಾಗದ ಚೂರುಗಳನ್ನು ಮೊದಲು ಗುರುತಿಸಿದ್ದು ಚೆನ್ನೈನ ಎಂಜಿನಿಯರ್ ಷಣ್ಮುಗ ಸುಬ್ರಮಣಿಯನ್. ಅವರ ಹತ್ತಿರ ಯಾವ ವೀಕ್ಷಣಾಲಯವೂ ಇರಲಿಲ್ಲ. ಚಂದ್ರನನ್ನು ಸುತ್ತುವ ನಾಸಾದ ಎಲ್‌ಆರ್‌ಒ ನೌಕೆಯ ಹಳೆಯ ಫೋಟೋ, ಹೊಸ ಫೋಟೋ ಎರಡೂ ಯಾರು ಬೇಕಾದರೂ ತೆಗೆದುಕೊಳ್ಳುವ ಹಾಗೆ ಇದ್ದವು. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದರು. ಒಂದೇ ಜಾಗ, ಬೇರೆ ದಿನ ಅಂತ ನಂಬಿಕೆಯಿಂದ ಹೋಲಿಸಲು ಬಂದದ್ದರಿಂದಲೇ ಅದು ಸಾಧ್ಯವಾಯಿತು. ಸೂರ್ಯನನ್ನು ನೋಡುವ ಸೋಹೊ ನೌಕೆಯ ಚಿತ್ರಗಳಲ್ಲಿ ಇದುವರೆಗೆ 5,000ಕ್ಕೂ ಹೆಚ್ಚು ಧೂಮಕೇತು ಸಿಕ್ಕಿವೆ. ಹುಡುಕಿದವರಲ್ಲಿ ಬಹುಪಾಲು ಜನ ಹವ್ಯಾಸಿಗಳು. ನಮ್ಮ ಕಡೆಯ ಹುಡುಗರಿಗೂ ಆ ಅವಕಾಶ ಇರಲಿ ಅಂತ ಆಸೆ.

ಬೆಳಗಾವಿ_ಸರ್ವರ್

ಬೀಗ ಇರುವುದಿಲ್ಲ ಅಣ್ಣಾ. ಸೂಚಿ ಅಂದರೆ ವಿವರ ಮಾತ್ರ. ಅದನ್ನು ಯಾರಾದರೂ ಓದಬಹುದು. ಡೇಟಾ ಇಳಿಸುವಾಗ ಮೂಲ ತಾಣದಲ್ಲಿ ಅವರವರ ಖಾತೆಯಿಂದಲೇ ಇಳಿಸಬೇಕು.

ಭೌತಶಾಸ್ತ್ರ_ವಿಜಯಪುರ

ಇಲ್ಲಿಯವರೆಗೆ ಹೊರಗಿನ ಡೇಟಾ ಮಾತಾಡಿದೆವು. ನಮ್ಮದೇ ಡೇಟಾ ಬಗ್ಗೆ ನನಗೆ ಜಾಸ್ತಿ ಚಿಂತೆ.

ಕೆಲವು ಕಾಲೇಜಿನಲ್ಲಿ ಮಕ್ಕಳು ತಂತಿ ಸುತ್ತಿದ ಆಂಟೆನಾ ಕಟ್ಟಿ, ತಿರುನಲ್ವೇಲಿ ಕಡೆಯ ನೌಕಾಪಡೆಯ ಕೇಂದ್ರದಿಂದ ಬರುವ 18.2 ಕಿಲೋಹರ್ಟ್ಸ್ ರೇಡಿಯೋ ಅಲೆ ದಾಖಲಿಸುತ್ತಾರೆ. ಸೂರ್ಯನಲ್ಲಿ ಜ್ವಾಲೆ ಎದ್ದರೆ ಅದರ ಎಕ್ಸ್‌ರೇ ನಮ್ಮ ವಾತಾವರಣದ ಮೇಲ್ಪದರದಲ್ಲಿ ಅಯಾನು ಹೆಚ್ಚಿಸುತ್ತದೆ. ಕೂಡಲೇ ಈ ಅಲೆಯ ಬಲ ಬದಲಾಗುತ್ತದೆ. ಹಗಲಲ್ಲಿ ಮಾತ್ರ ಕಾಣುವ ಪರಿಣಾಮ ಇದು. ಆದಿತ್ಯದ ಸೋಲೆಕ್ಸ್ ಜ್ವಾಲೆಯನ್ನು ನೇರವಾಗಿ ನೋಡುತ್ತದೆ, ನಮ್ಮ ಆಂಟೆನಾ ಅದೇ ಜ್ವಾಲೆಯ ಗುರುತನ್ನು ನೆಲದಿಂದ ಹಿಡಿಯುತ್ತದೆ. ಎರಡನ್ನೂ ಒಂದೇ ಹಾಳೆಯಲ್ಲಿ ನೋಡಿದ ಮಗು ಜನ್ಮದಲ್ಲಿ ಮರೆಯುವುದಿಲ್ಲ.

ಆದರೆ ನನಗೆ ಗೊತ್ತಿರುವ ಒಂದು ಕಾಲೇಜಿನಲ್ಲಿ ಇಂಥ ಕೆಲವು ವರ್ಷಗಳ ದಾಖಲೆ ಲ್ಯಾಬಿನ ಕಂಪ್ಯೂಟರ್ ಫಾರ್ಮ್ಯಾಟ್ ಮಾಡಿದಾಗ ಹೋಯಿತು. ಪೆನ್‌ಡ್ರೈವ್‌ನಲ್ಲಿ ಉಳಿದ ಸ್ವಲ್ಪದರಲ್ಲೂ ಆಂಟೆನಾ ಯಾವ ದಿಕ್ಕಿಗಿತ್ತು, ಆಂಪ್ಲಿಫೈಯರ್ ಎಷ್ಟಕ್ಕೆ ಇಟ್ಟಿದ್ದರು, ಕಂಪ್ಯೂಟರ್ ಗಡಿಯಾರ ಸರಿಯಿತ್ತಾ, ಏನೂ ಬರೆದಿಲ್ಲ. ನನಗೆ ಹೊಟ್ಟೆ ಉರಿಯಿತು. ಆ ಮಕ್ಕಳು ಪಟ್ಟ ಶ್ರಮವನ್ನು ನಾನು ಕಣ್ಣಾರೆ ನೋಡಿದ್ದೆ.

ಕೊಡೈಕೆನಾಲ್ ವೀಕ್ಷಣಾಲಯ ನೋಡಿ. 1904ರಿಂದ ತೆಗೆದ ಸೂರ್ಯನ ಚಿತ್ರಗಳು ಇವತ್ತು ಡಿಜಿಟಲ್ ಆಗಿ ಸಂಶೋಧನೆಗೆ ಸಿಗುತ್ತಿವೆ. ಪ್ಲೇಟುಗಳನ್ನು ಜೋಪಾನ ಮಾಡಿದ್ದಷ್ಟೇ ಅಲ್ಲ, ಯಾವ ದಿನ, ಎಷ್ಟು ಹೊತ್ತಿಗೆ, ಯಾವ ಉಪಕರಣದಿಂದ ಅಂತ ಬರೆದಿಟ್ಟವರು ಇದ್ದರು. ಈ ಅಭ್ಯಾಸ ನಮ್ಮ ಲ್ಯಾಬಿಗೂ ಬರಬೇಕು. ಆದ್ದರಿಂದ ಕಾರ್ಡ್ ನಮ್ಮ ಮಕ್ಕಳ ಡೇಟಾಗೂ ಕಡ್ಡಾಯ ಆಗಲಿ. ಹೊರಗಿನದಕ್ಕೆ ಸೂಚಿ ಸಾಕು. ನಮ್ಮದಕ್ಕೆ ಜಾಗವೂ ನಾವೇ ಕೊಡಬೇಕು.

ಬೆಳಗಾವಿ_ಸರ್ವರ್

ಮೇಡಂ, ಹಾಗಾದರೆ ನನ್ನ ಸರ್ವರ್‌ಗೆ ಕೆಲಸ ಸಿಕ್ಕಿತು. ನಮ್ಮ ಮಕ್ಕಳ ಮೂಲ ದಾಖಲೆ ಬೆಳಗಾವಿಯಲ್ಲಿ ಒಂದು ಪ್ರತಿ, ಬಾಗಲಕೋಟೆಯಲ್ಲಿ ಒಂದು ಪ್ರತಿ. ಒಂದು ಕಡೆ ಹೋದರೂ ಇನ್ನೊಂದು ಕಡೆ ಉಳಿಯುತ್ತದೆ. ಪ್ರತಿ ಫೈಲಿಗೂ ಚೆಕ್‌ಸಮ್, ಅಂದರೆ ಫೈಲಿನ ಒಳಗಿರುವುದರಿಂದಲೇ ಲೆಕ್ಕ ಹಾಕಿದ ಗುರುತು ಸಂಖ್ಯೆ, ಹಾಕುತ್ತೇನೆ. ಒಂದು ಅಕ್ಷರ ಬದಲಾದರೂ ಗೊತ್ತಾಗುತ್ತದೆ. ಒಮ್ಮೆ ಸೇರಿಸಿದ ಫೈಲನ್ನು ಯಾರೂ ತಿದ್ದುವ ಹಾಗಿಲ್ಲ. ತಿದ್ದಿದ್ದರೆ ಹೊಸ ಆವೃತ್ತಿ ಅಂತ ಬೇರೆ ಸೇರಿಸಬೇಕು, ಹಳೆಯದು ಅಲ್ಲೇ ಇರಬೇಕು. ಕಾರ್ಡುಗಳು ಸಾದಾ ಟೆಕ್ಸ್ಟ್ ಫೈಲ್ ಇರಲಿ, ಗಿಟ್‌ನಲ್ಲಿ ಇಡುತ್ತೇನೆ. ಯಾರು, ಯಾವಾಗ, ಏನು ಬದಲಾಯಿಸಿದರು ಅಂತ ತಾನಾಗಿ ದಾಖಲಾಗುತ್ತದೆ.

ಒಂದು ವಿಷಯದಲ್ಲಿ ಮಾತ್ರ ನಾನು ಇನ್ನೂ ಒಪ್ಪಿಲ್ಲ. ಇಂಟರ್ನೆಟ್ ಸರಿಯಿಲ್ಲದ ಕಾಲೇಜಿಗೆ ಆಯ್ದ ಘಟನೆಗಳ ಸಣ್ಣ ಗಂಟು ಬೇಕೇಬೇಕು. ಮೇ ಬಿರುಗಾಳಿಯ ಎರಡು ದಿನದ ಡೇಟಾ, ಅಷ್ಟೇ. ಷರತ್ತು ಒಪ್ಪುವುದಾದರೆ ಮೂಲ ಫೈಲನ್ನೇ, ಹೆಸರು ಬದಲಾಯಿಸದೆ, ಇಳಿಸಿದ ದಿನಾಂಕ ಬರೆದು ಇಡುತ್ತೇನೆ.

ನವನಗರ_ಮೇಷ್ಟ್ರು

ಮೂಲ ಫೈಲ್, ಮೂಲ ಹೆಸರು, ಇಳಿಸಿದ ದಿನಾಂಕ. ಈ ಮೂರು ಇದ್ದರೆ ನನ್ನ ಅಭ್ಯಂತರ ಇಲ್ಲ ಸರ್. ಷರತ್ತಿನ ಬಗ್ಗೆ ನಾನೇ ಬರೆದು ಕೇಳುತ್ತೇನೆ. ಉತ್ತರ ಬರುವ ತನಕ ಗಂಟು ಬೇಡ.

ಎಂಎಸ್ಸಿ_ಎರಡನೇ_ವರ್ಷ

ಸರ್, ಮೇಡಂ, ನಮ್ಮ ತರಗತಿಯಲ್ಲಿ ಅರ್ಧ ಜನರ ಹತ್ತಿರ ಲ್ಯಾಪ್‌ಟಾಪ್ ಇಲ್ಲ. ಮೊಬೈಲಲ್ಲೇ ನೋಡಬೇಕು. ಫೈಲ್ ಇಳಿಸುವ ಮೊದಲು ಅದರ ಗಾತ್ರ ಎಷ್ಟು ಅಂತ ಕಾರ್ಡಿನಲ್ಲಿ ಇರಲಿ. ಆಮೇಲೆ ಕಾರ್ಡಿನಲ್ಲಿ ಎರಡು ಸಾಲು ಕನ್ನಡದಲ್ಲಿ ಇದ್ದರೆ, ಇದರಲ್ಲಿ ಏನಿದೆ, ಯಾವುದಕ್ಕೆ ಬರುತ್ತದೆ ಅಂತ, ಬಿಎಸ್ಸಿ ಮೊದಲ ವರ್ಷದವರೂ ಧೈರ್ಯವಾಗಿ ತೆರೆಯುತ್ತಾರೆ. ನನಗೆ ಮೊದಲ ವರ್ಷದಲ್ಲಿ ಹಾಗೆ ಯಾರಾದರೂ ಬರೆದುಕೊಟ್ಟಿದ್ದರೆ ಎಷ್ಟೋ ಉಪಕಾರ ಆಗುತ್ತಿತ್ತು.

ಜಮಖಂಡಿ_ಗ್ರಂಥಾಲಯ

ಆ ಎರಡು ಸಾಲು ಬರೆಯುವ, ತಿದ್ದುವ ಕೆಲಸ ನನಗೆ ಕೊಡಿ. ಕಾಲಮ್‌ಗಳ ಹೆಸರು ಮೂಲದಲ್ಲಿ ಇದ್ದ ಹಾಗೇ ಇರಲಿ, ವಿವರಣೆ ಕನ್ನಡದಲ್ಲಿ. ಇನ್ನೊಂದು ಕೇಳಬೇಕಿತ್ತು. ಈ ಹುಡುಗಿ ಮುಂದಿನ ವರ್ಷ ಕಾಲೇಜು ಬಿಟ್ಟು ಹೋಗುತ್ತಾಳೆ. ಅವಳು ಬರೆದ ಕಾರ್ಡಿನ ಬಗ್ಗೆ ಆಮೇಲೆ ಯಾರನ್ನು ಕೇಳುವುದು?

ಭೌತಶಾಸ್ತ್ರ_ವಿಜಯಪುರ

ಒಳ್ಳೆ ಪ್ರಶ್ನೆ ಸರ್. ಬರೆದವರ ಹೆಸರು ಇರಲಿ, ಅದು ಅವರ ಹಕ್ಕು. ಆದರೆ ಹೊಣೆ ವಿಭಾಗದ್ದು. ಸಂಪರ್ಕಕ್ಕೆ ವಿಭಾಗದ ಇಮೇಲ್ ಕೊಡೋಣ, ಯಾರ ಸ್ವಂತ ನಂಬರ್ ಬೇಡ. ಜೂನ್‌ನಲ್ಲಿ ಹೊಸ ಬ್ಯಾಚ್ ಬಂದಾಗ ಮೊದಲ ಪ್ರಾಕ್ಟಿಕಲ್ ಆಗಿ ಹಳೆಯ ಒಂದು ಕಾರ್ಡ್ ತೆಗೆದು, ಅದರ ಪ್ರಕಾರ ಡೇಟಾ ತರಿಸಿ, ಅದೇ ಗ್ರಾಫ್ ಮತ್ತೆ ಬರುತ್ತದಾ ಅಂತ ನೋಡಿಸೋಣ. ಬರದಿದ್ದರೆ ಕಾರ್ಡಿನಲ್ಲಿ ಏನೋ ಬಿಟ್ಟುಹೋಗಿದೆ ಅಂತ ಅರ್ಥ. ಅದನ್ನು ಆಗಲೇ ತುಂಬಿಸಬೇಕು.

ಮೇ ಬಿರುಗಾಳಿಯಿಂದಲೇ ಶುರು ಮಾಡುತ್ತೇನೆ. ಮ್ಯಾಗ್ ಉಪಕರಣದ ಕಾರ್ಡ್ ಹೀಗೆ ತುಂಬಿದ್ದೇನೆ, ನೋಡಿ ಹೇಳಿ.

ನೌಕೆ: ಆದಿತ್ಯ-ಎಲ್1. ಉಪಕರಣ: ಮ್ಯಾಗ್. ಏನು ಅಳೆಯುತ್ತದೆ: ಗ್ರಹಗಳ ನಡುವಿನ ಕಾಂತಕ್ಷೇತ್ರ. ಘಟಕ: ನ್ಯಾನೊಟೆಸ್ಲಾ. ಸಮಯ: ಯುಟಿಸಿ, ನೌಕೆ ಇರುವ ಜಾಗದ್ದು, ಸರಿಸಿಲ್ಲ. ನಮೂನೆ: ನೆಟ್‌ಸಿಡಿಎಫ್, ಎರಡನೇ ಹಂತದ ಸಂಸ್ಕರಣೆ. ಎಲ್ಲಿ ಸಿಗುತ್ತದೆ: ಪ್ರದಾನ್, ನೋಂದಣಿ ಬೇಕು. ಆವೃತ್ತಿ: ಫೈಲ್ ಹೆಸರಿನಲ್ಲಿರುವ ಹಾಗೆ. ಕನ್ನಡ ವಿವರ: ಗ್ರಂಥಾಲಯದ ಸರ್ ಬರೆಯುತ್ತಾರೆ.

ಎಂಎಸ್ಸಿ_ಎರಡನೇ_ವರ್ಷ

ಮೇಡಂ, ಒಂದು ಸಾಲು ಬಿಟ್ಟುಹೋಗಿದೆ. ಫೈಲಿನಲ್ಲಿ ಕಾಂತಕ್ಷೇತ್ರದ ಮೂರು ಕಾಲಮ್ ಜಿಎಸ್‌ಇ ಅಂತ ಇವೆ, ಇನ್ನು ಮೂರು ಜಿಎಸ್‌ಎಂ ಅಂತ ಇವೆ. ಯಾವುದು ಬರೆಯೋಣ?

ನವನಗರ_ಮೇಷ್ಟ್ರು

ಶಾಭಾಸ್, ಚೆನ್ನಾಗಿ ನೋಡಿದ್ದೀಯ. ಅವು ದಿಕ್ಕು ಗುರುತಿಸುವ ಎರಡು ರೀತಿ. ಎರಡರಲ್ಲೂ ಎಕ್ಸ್ ದಿಕ್ಕು ಭೂಮಿಯಿಂದ ಸೂರ್ಯನ ಕಡೆಗೇ. ಜಿಎಸ್‌ಇಯಲ್ಲಿ ಝಡ್ ಅನ್ನುವುದು ಭೂಮಿ ಸುತ್ತುವ ಸಮತಲಕ್ಕೆ ನೇರ ಮೇಲಕ್ಕೆ. ಜಿಎಸ್‌ಎಂನಲ್ಲಿ ಭೂಮಿಯ ಕಾಂತ ಅಕ್ಷಕ್ಕೆ ತಕ್ಕ ಹಾಗೆ ವಾಲಿರುತ್ತದೆ. ಬಿರುಗಾಳಿ ಏಳುವುದು ಸೌರಮಾರುತದ ಕಾಂತಕ್ಷೇತ್ರ ದಕ್ಷಿಣಕ್ಕೆ ತಿರುಗಿದಾಗ, ಅಂದರೆ ಝಡ್ ಬೆಲೆ ಮೈನಸ್ ಆದಾಗ. ಆ ದಕ್ಷಿಣ ಭೂಮಿಯ ಕಾಂತಕ್ಷೇತ್ರಕ್ಕೆ ಎದುರಾಗಿರಬೇಕು. ಅದಕ್ಕೇ ಬಿರುಗಾಳಿಯ ಕೆಲಸಕ್ಕೆ ಜಿಎಸ್‌ಎಂ ತೆಗೆದುಕೋ. ಕಾರ್ಡಿನಲ್ಲಿ ಎರಡೂ ಇವೆ ಅಂತ ಬರೆ, ಗ್ರಾಫಿನ ಕೆಳಗೆ ಯಾವುದನ್ನು ಬಳಸಿದೆ ಅಂತ ಬರೆ.

ಎಂಎಸ್ಸಿ_ಎರಡನೇ_ವರ್ಷ

ಸರಿ ಸರ್. ಸೇರಿಸಿ ಕಳುಹಿಸಿದ್ದೇನೆ. ಸ್ವಿಸ್ ಉಪಕರಣದ ಕಾರ್ಡ್ ನಾನು ತುಂಬುತ್ತೇನೆ, ಸೋಲೆಕ್ಸ್ ಯಾರಾದರೂ ತೆಗೆದುಕೊಳ್ಳಿ.

ಗೋಕಾಕ_ಹವ್ಯಾಸಿ

ಸೋಲೆಕ್ಸ್ ನನಗಿರಲಿ ತಂಗಿ. ಭಾನುವಾರ ಅಂಗಡಿ ಮುಚ್ಚಿದ ಮೇಲೆ ಕೂರುತ್ತೇನೆ.